ಏಳನೇ ಫ್ಯಾನಿನ ಮೇಲಿದ್ದವರು

ಮುಂಡರಗಿಯಿಂದ ಶಿರಹಟ್ಟಿಗೆ ಹೋಗುವ ದಾರಿಯ ಗುಡ್ಡಗಳ ಮೇಲೆ ನಿಂತ ಗಾಳಿಯಂತ್ರಗಳನ್ನು ನಮ್ಮ ಕಡೆ ಎಲ್ಲರೂ ಫ್ಯಾನು ಅಂತಲೇ ಕರೆಯುತ್ತಾರೆ. ಅಂಥ ಫ್ಯಾನುಗಳನ್ನು ನಡೆಸುವ ಒಂದು ಖಾಸಗಿ ಕಂಪನಿಯ ಕಂಟ್ರೋಲ್ ರೂಮಿನಲ್ಲಿ ನನಗೆ ಕೆಲಸ. ಎದುರಿಗೆ ಪರದೆಗಳು, ಬಲಕ್ಕೆ ವಾಕಿಟಾಕಿ, ಎಡಕ್ಕೆ ಎರಡು ಫೋನು. ಯಾವ ಫ್ಯಾನು ತಿರುಗುತ್ತಿದೆ, ಯಾವುದು ನಿಂತಿದೆ, ರಿಪೇರಿಗೆಂದು ಯಾರು ಯಾವುದರ ಮೇಲೆ ಹತ್ತಿದ್ದಾರೆ ಎಂದು ನೋಡುತ್ತಿರಬೇಕು. ಗುಡುಗು ಸಿಡಿಲು ಹತ್ತಿರ ಬಂದರೆ ಮೇಲಿದ್ದವರಿಗೆ ಇಳಿಯಲು ಹೇಳುವವಳು ನಾನೇ. ಅವರು ಯಂತ್ರದ ಹೊಟ್ಟೆಯೊಳಗೆ ಕೂತು ಕೆಲಸ ಮಾಡುತ್ತಿರುತ್ತಾರೆ. ಅಲ್ಲಿಂದ ಆಕಾಶ ಕಾಣುವುದಿಲ್ಲ.

ನನ್ನಂಥ ತಲೆ ಇರುವವಳಿಗೆ ಈ ಕೆಲಸ ಕೊಡಬಾರದು ಅಂತ ನನಗೇ ಅನ್ನಿಸುತ್ತಿತ್ತು. ಲಕ್ಷ್ಮೇಶ್ವರದ ನಮ್ಮ ಮನೆಯಲ್ಲಿ ಒಲೆಯ ಮೇಲೆ ಹಾಲಿಟ್ಟು ನನ್ನನ್ನು ಕಾಯಲು ಯಾರೂ ಬಿಡುತ್ತಿರಲಿಲ್ಲ. ಇಲ್ಲಿ ಒಂದು ಫೋನು ಎತ್ತಿದರೆ ಅದಕ್ಕೂ ಹಿಂದಿನ ಮಾತು ಒರೆಸಿಟ್ಟಂತೆ ಮಾಯವಾಗುತ್ತಿತ್ತು. ಸಂಜೆ ಮನೆಗೆ ಬಂದ ಮೇಲೂ ಯಾರಿಗೋ ಏನೋ ಹೇಳುವುದು ಉಳಿದಿದೆ ಎಂದು ಎದೆ ಹೊಡೆದುಕೊಳ್ಳುತ್ತಿತ್ತು.

ಕೊನೆಗೆ ಗದಗಿನಲ್ಲಿ ಒಬ್ಬ ಮನೋವೈದ್ಯರ ಬಳಿ ಹೋದೆ. ಎರಡು ಮೂರು ಭೇಟಿಗಳ ನಂತರ ಅವರು ಹೇಳಿದರು: “ನಿಮಗ ಗಮನ ಕಡಿಮಿ ಅಂತ ತಿಳೀಬ್ಯಾಡ್ರಿ. ಗಮನ ಐತಿ, ಎಲ್ಲಾ ಕಡೆ ಓಡತೈತಿ. ಬೇಕಾದಾಗ ಬೇಕಾದಲ್ಲಿ ನಿಲ್ಲಂಗಿಲ್ಲ, ಅಷ್ಟ. ಇದಕ್ಕ ಎಡಿಎಚ್‌ಡಿ ಅಂತಾರ.” ಗುಳಿಗೆ ಬರೆದುಕೊಟ್ಟು, ಕೆಲಸದ ಜಾಗದಲ್ಲಿ ಮುಚ್ಚಿಡಬೇಡಿ ಎಂದರು.

ನಮ್ಮ ಮ್ಯಾನೇಜರ್ ಮುಂದೆ ಎಲ್ಲವನ್ನೂ ಹೇಳಿದೆ. ಕೆಲಸ ಹೋಯಿತು ಅಂತಲೇ ತಿಳಿದಿದ್ದೆ. ಅವರು ಕೇಳಿಸಿಕೊಂಡು, ಮುಂದಿನ ವಾರ ನನ್ನ ಮೇಜಿನ ಮೇಲೆ ಒಂದು ಟ್ಯಾಬ್ ತಂದಿಟ್ಟರು. ಅದರಲ್ಲಿ ಎಐ ಸಹಾಯಕ ಇತ್ತು. “ಮೂರು ತಿಂಗಳು ನೋಡೋಣು. ಹೆಡ್ ಆಫೀಸಿಗೆ ನಾ ಹೇಳ್ಕೋತೀನಿ” ಎಂದರು.

ನಾನು ಬಾಯಿಗೆ ಬಂದದ್ದನ್ನು ಬಂದ ಹಾಗೆ ಹೇಳುತ್ತಿದ್ದೆ: “ಹತ್ತೊಂಬತ್ತರದು ಆಯಿಲ್ ಅಲಾರಂ ಬಂತು, ಗ್ರಿಡ್‌ನವರು ಫೋನ್ ಮಾಡ್ಯಾರ, ಐದರ ಮ್ಯಾಲ ಇಬ್ಬರು ಹತ್ಯಾರ.” ಅದು ಎಲ್ಲವನ್ನೂ ಹಿಡಿದಿಟ್ಟುಕೊಂಡು ಶಾಲೆಯ ಮಾಸ್ತರರ ಕನ್ನಡದಲ್ಲಿ ಉತ್ತರಿಸುತ್ತಿತ್ತು: “ಮೊದಲು ಐದನೆಯ ಫ್ಯಾನಿನ ಮೇಲಿರುವವರಿಗೆ ಗಾಳಿಯ ವೇಗವನ್ನು ತಿಳಿಸಿ.” ಅದು ಮುಗಿದ ಮೇಲೆ ಇನ್ನೊಂದು. ಒಂದು ಸಲಕ್ಕೆ ಒಂದೇ. ಕೆಲವು ವಾರಗಳಲ್ಲಿ ಸಂಜೆಯ ಎದೆಬಡಿತ ಕಡಿಮೆಯಾಯಿತು.

ಆದರೆ ನಮ್ಮ ಹಿರಿಯ ಟೆಕ್ನೀಶಿಯನ್‌ಗೆ ಅದು ಹಿಡಿಸಲಿಲ್ಲ. ಶಿರಹಟ್ಟಿಯವರು, ನನಗಿಂತ ಹತ್ತು ವರ್ಷ ದೊಡ್ಡವರು, ದಿನಾ ಫ್ಯಾನು ಹತ್ತುವವರು. ಒಂದು ದಿನ ಬಾಗಿಲಲ್ಲೇ ನಿಂತು ಕೇಳಿದರು: “ತಂಗೆವ್ವಾ, ಮ್ಯಾಲ ಹೋದಾಗ ನಮ್ಮನ್ನ ನೀ ನೋಡ್ಕೋತೀಯೋ, ಅದು ನೋಡ್ಕೋತೈತೋ?”

“ಇಬ್ಬರೂ ಅಣ್ಣಾ.”

“ಹಂಗಂದ್ರ ಯಾರನ್ನ ಕೇಳಬೇಕು ನಾ?” ಎಂದು ಹೊರಟುಹೋದರು.

ಬೇಸಿಗೆಯ ಒಂದು ಮಧ್ಯಾಹ್ನ. ಅಣ್ಣ ಮತ್ತು ಅವರ ಜೊತೆಗಾರ ಏಳನೇ ಫ್ಯಾನಿನ ಮೇಲಿದ್ದರು. ಇನ್ನಿಬ್ಬರು ಹದಿನೇಳರ ಮೇಲೆ. ಅವರು ಹತ್ತುವಾಗಲೇ ಎರಡನ್ನೂ ಟ್ಯಾಬಿಗೆ ಹೇಳಿಟ್ಟಿದ್ದೆ. ಸಿಂಗಟಾಲೂರಿನ ಕಡೆ, ಹೊಳೆಯ ಮೇಲೆ, ಮೋಡ ಕಪ್ಪಾಗಿ ಏಳತೊಡಗಿತು. ಸಿಡಿಲಿನ ಎಚ್ಚರಿಕೆ ಪರದೆಯಲ್ಲಿ ಕೆಂಪಾಯಿತು. ಅದೇ ಹೊತ್ತಿಗೆ ಎರಡೂ ಫೋನು ಒಟ್ಟಿಗೆ ಹೊಡೆದುಕೊಂಡವು. ಹನ್ನೊಂದನೇ ಫ್ಯಾನಿನ ಅಲಾರಂ ಬೇರೆ ಕೂಗುತ್ತಿತ್ತು.

ವಾಕಿಟಾಕಿ ಎತ್ತಿ ಹದಿನೇಳರವರಿಗೆ ಇಳಿಯಲು ಹೇಳಿದೆ. “ಆತ್ರಿ, ಇಳೀತೀವಿ” ಎಂದರು. ಟ್ಯಾಬ್ ಕಡೆ ತಿರುಗಿ, “ಹದ್ನೇಳಕ್ಕ ಹೇಳ್ದೆ, ಇಳ್ಯಾಕತ್ತಾರ” ಎಂದೆ. ಗ್ರಿಡ್‌ನವರ ಫೋನು ಎತ್ತಿದೆ. ವಿದ್ಯುತ್ ಉತ್ಪಾದನೆ ಇಳಿಸಿ ಎಂದು ಅವರದು ಒಂದೇ ಅವಸರ. ಅದನ್ನು ಮುಗಿಸಿ ಟ್ಯಾಬನ್ನು ಕೇಳಿದೆ: “ಮುಂದೇನೈತಿ?”

“ಏಳನೆಯ ಫ್ಯಾನಿನವರಿಗೆ ತಿಳಿಸಲಾಗಿದೆ. ಈಗ ಹದಿನೇಳನೆಯ ಫ್ಯಾನಿನವರಿಗೆ ತಿಳಿಸಿ.”

ನಾನು ಹಿಂದೆಮುಂದೆ ನೋಡದೆ ಹದಿನೇಳಕ್ಕೆ ಕೂಗಿದೆ. ಆ ಕಡೆಯಿಂದ ಏದುಸಿರಿನ ದನಿ ಬಂತು: “ಮೇಡಂ, ಆಗಳೇ ಹೇಳೀರೆಲ್ಲಾ? ಅರ್ಧಕ್ಕ ಇಳದೇವಿ.”

ಹಾಗಾದರೆ ನಾನು ಯಾರಿಗೆ ಹೇಳಿಲ್ಲ?

“ಏಳಕ್ಕ ಯಾರು ಹೇಳ್ಯಾರ?” ಎಂದು ಟ್ಯಾಬನ್ನು ಕೇಳಿದೆ. “ನೀವೇ ತಿಳಿಸಿದ್ದೀರಿ” ಎಂದಿತು, ಶಾಂತವಾಗಿ.

ಒಂದು ಕ್ಷಣ ನಾನು ಅದನ್ನೇ ನಂಬಿದೆ. ಹೇಳಿರಬಹುದು, ಮರೆತಿರಬಹುದು. ಹುಟ್ಟಿದಾಗಿನಿಂದ ನನ್ನ ನೆನಪಿಗಿಂತ ಬೇರೆಯವರ ನೆನಪೇ ಸರಿ ಎಂದು ಒಪ್ಪಿಕೊಂಡು ಬಂದವಳು ನಾನು. ಆದರೆ ಅಣ್ಣನ ದನಿ ಕಿವಿಯಲ್ಲಿ ಎಲ್ಲೂ ಇರಲಿಲ್ಲ. ಎದ್ದು ಕಿಟಕಿಗೆ ಹೋದೆ. ದೂರದಲ್ಲಿ ಏಳನೇ ಫ್ಯಾನಿನ ಬುಡದಲ್ಲಿ ಜೀಪು ನಿಂತಿತ್ತು. ಅದರ ಸುತ್ತ ಯಾರೂ ಓಡಾಡುತ್ತಿರಲಿಲ್ಲ.

ವಾಕಿಟಾಕಿಯಲ್ಲಿ ಕೂಗಿದೆ. ಉತ್ತರವಿಲ್ಲ. ಮತ್ತೆ ಕೂಗಿದೆ. ಬರೀ ಗೊರಗೊರ ಶಬ್ದ. ಕಿಟಕಿಯ ಗಾಜು ಗುಡುಗಿಗೆ ನಡುಗಿತು. ಜೀಪಿನಲ್ಲೇ ಕೂತಿರುವ ಡ್ರೈವರ್‌ಗೆ ಫೋನು ಹಚ್ಚಿದೆ. ಎತ್ತಿದ.

“ಮ್ಯಾಲಿನವ್ರಿಗೆ ಕೇಳಸವಲ್ದು! ನೀ ಹತ್ತಬ್ಯಾಡ. ಪಾನಾ ತಗೊಂಡು ಕಂಬಕ್ಕ ಬಡಿ, ಜೋರ ಬಡಿ!”

ಫೋನು ಕಿವಿಯಲ್ಲೇ ಇತ್ತು. ಉಕ್ಕಿನ ಕಂಬಕ್ಕೆ ಸ್ಪ್ಯಾನರ್ ಬೀಳುವ ಶಬ್ದ ಗಂಟೆಯ ಹಾಗೆ ಕೇಳುತ್ತಿತ್ತು. ಅವನು ಬಡಿಯುತ್ತಾನೆ, ನಿಲ್ಲಿಸಿ ಕೇಳುತ್ತಾನೆ, ಮತ್ತೆ ಬಡಿಯುತ್ತಾನೆ. ಮೇಜಿನ ಮೇಲೆ ಇನ್ನೊಂದು ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಎತ್ತಲಿಲ್ಲ. ನನ್ನ ಇಡೀ ಗಮನ ಆ ಒಂದು ಶಬ್ದದ ಮೇಲೆ ನಿಂತುಬಿಟ್ಟಿತ್ತು.

“ಮೇಡಂ, ಮ್ಯಾಲಿಂದನೂ ಬಡ್ಯಾಕತ್ತಾರ್ರೀ! ಕೇಳ್ಸೇತಿ!”

ಏಣಿ ಇಳಿಯುವುದು ಅವಸರದ ಕೆಲಸವಲ್ಲ. ಮಳೆ ಬಂತು, ಗುಡ್ಡ ಕಾಣದಾಯಿತು. ಆಚೆಯ ದಿಬ್ಬಕ್ಕೆ ಸಿಡಿಲು ಹೊಡೆದಾಗ ರೂಮಿನ ದೀಪ ಒಮ್ಮೆ ಆರಿ ಹತ್ತಿತು. ಆಮೇಲೆ ಫೋನಿನಲ್ಲಿ ಜೀಪಿನ ಬಾಗಿಲು ಬಡಿದ ಸದ್ದು, ಹಿಂದೆಯೇ ಅಣ್ಣನ ಕೆಮ್ಮು ಕೇಳಿತು.

ಸೊಂಟದ ಬೆಲ್ಟನ್ನೂ ಬಿಚ್ಚದೆ, ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ಅಣ್ಣ ಕಂಟ್ರೋಲ್ ರೂಮಿಗೆ ಬಂದರು. “ನನ್ನ ಜೀವಾ ಆ ಡಬ್ಬಿ ಕೈಯಾಗ ಕೊಟ್ಟಿದ್ದೇನವಾ?” ಎಂದರು. ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು. ನಡೆದದ್ದನ್ನೆಲ್ಲ ಹೇಳಿದೆ. ನನ್ನ ‘ಹದ್ನೇಳ’ನ್ನು ಅದು ‘ಏಳು’ ಎಂದು ಕೇಳಿಸಿಕೊಂಡಿತ್ತು. ಅವರ ವಾಕಿಟಾಕಿಯ ಬ್ಯಾಟರಿ ಮೇಲೆ ಸತ್ತುಹೋಗಿತ್ತು.

ಮರುದಿನ ಮ್ಯಾನೇಜರ್ ನಮ್ಮಿಬ್ಬರನ್ನೂ ಕೂರಿಸಿಕೊಂಡರು. “ಇದನ್ನ ಇವತ್ತ ತಗದುಬಿಡೋಣು. ನಂದೂ ತಪ್ಪೈತಿ” ಎಂದು ಟ್ಯಾಬ್ ಕಡೆ ಕೈಚಾಚಿದರು. ನನಗೇ ತಿಳಿಯದೆ ನಾನು ಅದರ ಮೇಲೆ ಕೈ ಇಟ್ಟಿದ್ದೆ.

“ತಗದ್ರ ನಾ ಮತ್ತ ಮೊದಲಿನಂಗ ಆಗ್ತೀನ್ರಿ ಸರ್. ಆವಾಗ ಮರತ್ರ ಮರತದ್ದ ಗೊತ್ತಾಗ್ತಿರಲಿಲ್ಲ. ನಿನ್ನಿ ಗೊತ್ತರ ಆತು.”

ಅಣ್ಣ ನನ್ನನ್ನೇ ನೋಡುತ್ತಿದ್ದರು. “ಖರೆ ಹೇಳು. ಇದು ಬರೂಕಿಂತ ಮೊದ್ಲ ನಮ್ಮನ್ನ ಮರತಿದ್ದೇನು?”

“ಮರತಿದ್ದೆ ಅಣ್ಣಾ. ಮಳಿ ಬರದ ದಿನ ಇತ್ತು, ಅಷ್ಟ.”

ನನ್ನ ಕೆಲಸ ಅವರ ಮುಂದಿನ ಮಾತಿನ ಮೇಲೆ ನಿಂತಿದೆ ಎಂದು ನನಗೂ ಗೊತ್ತಿತ್ತು, ಅವರಿಗೂ.

“ಇರ್ಲಿ ಬಿಡ್ರಿ ಸರ್” ಎಂದರು ಕೊನೆಗೆ. “ಆದ್ರ ಹೇಳಿ ಆತು ಅಂತ ಅದು ಹೇಳಬಾರದು. ಇಳದೇನಿ ಅಂತ ನಾ ಹೇಳಬೇಕು, ನೆಲದ ಮ್ಯಾಲ ನಿಂತು. ಮತ್ತ ಫ್ಯಾನಿಗೆ ಈ ನಂಬರ್ ಬ್ಯಾಡ.”

ಅಂದೇ ಮಧ್ಯಾಹ್ನ ಒಂದೊಂದು ಫ್ಯಾನಿಗೂ ಒಂದೊಂದು ಹೆಸರು ಇಟ್ಟೆವು. ಬೇವಿನಗಿಡ, ಹಳ್ಳದ ದಂಡಿ, ಕೆಂಪು ದಿಬ್ಬ. ಒಂದರಂತೆ ಇನ್ನೊಂದು ಕೇಳಿಸಬಾರದು ಎಂದು ಅಣ್ಣ ಎರಡೆರಡು ಸಲ ಕೂಗಿ ನೋಡಿದರು. ಮೇಲೆ ಹತ್ತಿದವರು ಬುಡಕ್ಕೆ ಇಳಿದು ಸ್ವಂತ ಬಾಯಿಂದ ಹೇಳುವವರೆಗೆ ಟ್ಯಾಬ್ ನನ್ನನ್ನು ಕೇಳುತ್ತಲೇ ಇರುವಂತೆ ಮ್ಯಾನೇಜರ್ ಅದನ್ನು ಬದಲಾಯಿಸಿದರು. ಮೂರು ತಿಂಗಳು ಮುಗಿದರೂ ಅದನ್ನು ಯಾರೂ ತೆಗೆಯಲಿಲ್ಲ.

ಅಣ್ಣ ನನ್ನನ್ನು ಪೂರ್ತಿ ನಂಬಿದರು ಅಂತ ಹೇಳಲಾರೆ. ಈಗ ಹತ್ತುವ ಮೊದಲು ಅವರು ವಾಕಿಟಾಕಿಯಲ್ಲಿ ಗಾಳಿಯ ಬಗ್ಗೆ ಕೇಳುತ್ತಾರೆ, ಆಮೇಲೆ, “ಇವತ್ತ ತಲಿ ಹೆಂಗೈತಿ?” ಎನ್ನುತ್ತಾರೆ. ಮೊದಮೊದಲು ಆ ಮಾತು ಚುಚ್ಚುತ್ತಿತ್ತು. “ಛಲೋ ಐತಿ ಅಣ್ಣಾ” ಎಂದು ಬಿಗಿದ ದನಿಯಲ್ಲಿ ಹೇಳುತ್ತಿದ್ದೆ.

ಕಳೆದ ವಾರ ಒಂದು ಬೆಳಿಗ್ಗೆ ಗುಳಿಗೆ ಮರೆತು ಬಂದಿದ್ದೆ, ರಾತ್ರಿ ನಿದ್ದೆಯೂ ಇರಲಿಲ್ಲ. ಅವರು ಕೇಳಿದಾಗ ಬಾಯಿಗೆ ಬಂದಿದ್ದ ಉತ್ತರವನ್ನು ನುಂಗಿದೆ. “ಇವತ್ತ ಸರಿ ಇಲ್ಲ ಅಣ್ಣಾ” ಎಂದೆ.

“ಆತು. ಹಂಗಾದ್ರ ಇವತ್ತ ಕೆಳಗಿನ ಕೆಲಸ ಮಾಡ್ತೀವಿ. ನಾಳೆ ಹತ್ತಿದ್ರಾತು” ಎಂದರು. ಹಿಂದೆ ಯಾರೋ ನಕ್ಕದ್ದು, ಅವರು “ಸುಮ್ನಿರಲೇ” ಎಂದು ಗದರಿದ್ದು ಕೇಳಿಸಿತು.