ಕರೆಂಟ್ ಹೋದರೂ ಉಳಿಯುವ ಪಟ್ಟಿ

ಮುಂಬೈ ಪಕ್ಕದ ಠಾಣೆ ಊರಿನ ಮಾಜಿವಾಡಾದ ಆ ಸಣ್ಣ ಸಾಫ್ಟ್‌ವೇರ್ ಆಫೀಸಿನಲ್ಲಿ ನಾವು ಮೂರೇ ಜನ. ಸಾಹೇಬರು ಗಿರಾಕಿಗಳನ್ನು ಹುಡುಕಿ ತರುತ್ತಿದ್ದರು. ಮೈಸೂರಿನಿಂದ ಬಂದ ನಾನು ಮತ್ತು ಡೊಂಬಿವಲಿಯಲ್ಲೇ ಬೆಳೆದ, ಮನೆಯಲ್ಲಿ ತುಳು ಆಡುವ ನನ್ನ ಸಹೋದ್ಯೋಗಿ ಹುಡುಗಿ ಕೋಡ್ ಬರೆಯುತ್ತಿದ್ದೆವು. ಕಲ್ಯಾಣದ ಒಂದು ಲ್ಯಾಬಿಗೆ ನಾವು ಮಾಡಿಕೊಟ್ಟ ಪ್ರೋಗ್ರಾಂ, ರಿಪೋರ್ಟ್ ಸಿದ್ಧವಾದೊಡನೆ ರೋಗಿಯ ಮೊಬೈಲಿಗೆ ಮೆಸೇಜ್ ಕಳಿಸಬೇಕಿತ್ತು.

ಕೆಲವರಿಗೆ ಮೆಸೇಜೇ ಹೋಗುತ್ತಿಲ್ಲವೆಂದು ದೂರು ಬಂದಾಗ ನಾನು ಲ್ಯಾಬಿಗೆ ಹೋಗಿ ನೋಡಿದೆ. ಕಾರಣ ಬೇಗ ಸಿಕ್ಕಿತು. ಕಳಿಸಬೇಕಾದವರ ಪಟ್ಟಿಯನ್ನು ಪ್ರೋಗ್ರಾಂ ತನ್ನ ತಲೆಯೊಳಗಷ್ಟೇ ಇಟ್ಟುಕೊಳ್ಳುತ್ತಿತ್ತು. ಕರೆಂಟ್ ಹೋಗಿ ಕಂಪ್ಯೂಟರ್ ಮತ್ತೆ ಶುರುವಾದರೆ ಪಟ್ಟಿ ಖಾಲಿ. ಹಾಗೆ ಬರೆದವನು ನಾನೇ.

ಇದನ್ನು ಫೋನಿನಲ್ಲಿ ಸಹೋದ್ಯೋಗಿಗೆ ಕನ್ನಡದಲ್ಲಿ ಹೇಳುತ್ತಿದ್ದಾಗ ಬೆಂಚಿನ ಮೇಲಿದ್ದ ಹಿರಿಯರೊಬ್ಬರು ಎದ್ದು ಬಂದರು.

"ಕನ್ನಡದವ್ರಾ? ನಮ್ದೂ ಸ್ವಲ್ಪ ನೋಡಿ ಮಾರಾಯ್ರೆ. ಹೆಂಡ್ತಿಯ ಕುತ್ತಿಗೆ ಗಂಟಿನ ರಿಪೋರ್ಟು. ಮೂರು ದಿನದಿಂದ ಬರ್ತಾ ಇದ್ದೇನೆ. ಕೇಳಿದ್ರೆ 'ಮೆಸೇಜ್ ಆಯೇಗಾ ಅಂಕಲ್' ಅಂತಾರೆ, ಬರುವುದೇ ಇಲ್ಲ."

ಅವರು ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಅಡುಗೆಯವರು. ಹುಡುಕಿ ನೋಡಿದರೆ ರಿಪೋರ್ಟ್ ಮೊದಲ ದಿನವೇ ಸಿದ್ಧವಾಗಿತ್ತು. ಒಳಗಿದ್ದ ಡಾಕ್ಟರು ಓದಿ, ಹೆದರುವಂಥದ್ದೇನೂ ಇಲ್ಲ ಎಂದರು. ಹಿರಿಯರು ಮನೆಗೆ ಫೋನ್ ಮಾಡಿದರು. ಫೋನನ್ನು ನನ್ನ ಕೈಗೆ ಕೊಟ್ಟು, "ನೀವೇ ಹೇಳಿ" ಎಂದು ಸನ್ನೆ ಮಾಡಿದರು.

ನಾನು ಹೇಳಿದೆ. ಆ ಕಡೆಯಿಂದ ಅವರ ಹೆಂಡತಿ, "ಅವ್ರು ಮೂರು ದಿನದಿಂದ ಸರಿ ಉಂಡಿಲ್ಲ. ಅಲ್ಲೇ ಏನಾದ್ರೂ ತಿನ್ಲಿಕ್ಕೆ ಹೇಳಿ" ಎಂದರು.

ತಪ್ಪು ನನ್ನದೆಂದು ಹಿರಿಯರಿಗೆ ಹೇಳಿ ಕ್ಷಮೆ ಕೇಳಿದೆ. ಅವರು ನನ್ನ ಭುಜ ತಟ್ಟಿ ನಕ್ಕರು. ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತೇನೋ.

ಮರುದಿನ ಸಾಹೇಬರು ಮೆಸೇಜ್ ಕಳಿಸುವ ಯಾವುದೋ ದೊಡ್ಡ ರೆಡಿಮೇಡ್ ವ್ಯವಸ್ಥೆ ತರೋಣವೆಂದರು. ಸಹೋದ್ಯೋಗಿ ಒಪ್ಪಲಿಲ್ಲ. "ಅದನ್ನು ಸಾಕ್ಲಿಕ್ಕೇ ಇನ್ನೊಬ್ರು ಬೇಕು ಸರ್. ಪಟ್ಟಿ ಬರೆದಿಡ್ಲಿಕ್ಕೆ ನಮ್ಮ ಡೇಟಾಬೇಸಲ್ಲಿ ಒಂದು ಟೇಬಲ್ ಸಾಕು."

ಹಾಗೇ ಮಾಡಿದೆವು. ಯಾವ ಕೆಲಸವನ್ನೂ ಮಾಡುವ ಮೊದಲು ಡಿಸ್ಕಿನಲ್ಲಿ ಬರೆದಿಡುವುದು, ಮುಗಿದ ಮೇಲಷ್ಟೇ 'ಆಯಿತು' ಎಂದು ಗುರುತು ಹಾಕುವುದು. ಪ್ರೋಗ್ರಾಂ ಮತ್ತೆ ಎದ್ದಾಗ ಗುರುತಿಲ್ಲದವನ್ನೆಲ್ಲ ಎತ್ತಿಕೊಳ್ಳುತ್ತದೆ. ಪರೀಕ್ಷೆಗೆಂದು ಸಹೋದ್ಯೋಗಿ ತನ್ನದೇ ನಂಬರ್ ಹಾಕಿ, ನಡುವೆ ಪ್ಲಗ್ ಕಿತ್ತಳು. ಮತ್ತೆ ಸಿಕ್ಕಿಸಿದಾಗ ಅದೇ ಮೆಸೇಜ್ ಎರಡನೇ ಸಲ ಬಂತು. ಮೊದಲ ಸಲ ಹೋಗಿತ್ತು, ಗುರುತು ಬೀಳುವ ಮೊದಲೇ ಕರೆಂಟ್ ಹೋಗಿತ್ತು. ನನ್ನ ಮುಖ ಸಣ್ಣದಾಯಿತು.

"ಎರಡು ಸಲ ಬಂದ್ರೆ ಒಮ್ಮೆ ಬೈತಾರೆ, ಅಷ್ಟೇ. ಬರದಿದ್ರೆ ಕಾಯ್ತಾ ಕೂತಿರ್ತಾರೆ. ಇರ್ಲಿ ಬಿಡಿ" ಎಂದಳು.

ಅದನ್ನು ಲ್ಯಾಬಿನಲ್ಲಿ ಹಾಕಲು ನಾನೊಬ್ಬನೇ ಹೋದೆ. ಸಂಜೆಗೆ ಸರಿಯಾಗಿ ಕರೆಂಟ್ ಹೋಯಿತು. ಅದು ಬಂದ ಮೇಲೆ ಪರದೆಯ ಮುಂದೆ ಉಸಿರು ಹಿಡಿದು ನಿಂತೆ. ಬಾಕಿ ಉಳಿದ ಮೆಸೇಜುಗಳ ಸಾಲುಗಳು ಒಂದೊಂದಾಗಿ 'ಆಯಿತು' ಆಗತೊಡಗಿದವು. ಸಹೋದ್ಯೋಗಿಗೆ ಫೋನ್ ಮಾಡಿದೆ. ಲೋಕಲ್ ಟ್ರೇನಿನ ಗದ್ದಲದಲ್ಲಿ ಆಕೆಗೆ ಏನೂ ಕೇಳಿಸಲಿಲ್ಲ.

"ಎಲ್ಲಾ ಹೋದ್ವು!" ಎಂದು ಕೂಗಿದೆ. ಕಾಯುತ್ತಿದ್ದವರೆಲ್ಲ ತಿರುಗಿ ನನ್ನನ್ನೇ ನೋಡಿದರು.