ಪೇತ್ರನನ್ನು ಮುಳುಗಿಸಿದ ಥಿಯೋ ಮಾಸ್ಟ್ರು

ಚಿತ್ರಕಾರರ ಬಟ್ಟೆಯ ಮೇಲೆ ಬಣ್ಣದ ಕಲೆಗಳಿರುತ್ತವೆ ಎಂದು ನಾನು ತಿಳಿದಿದ್ದೆ. ಥಿಯೋ ಮಾಸ್ಟ್ರ ಬಿಳಿ ಜುಬ್ಬಾದ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ದಿನಕ್ಕೆ ಎರಡು ಸಲ ಬಟ್ಟೆ ಬದಲಾಯಿಸುತ್ತಿದ್ದರು. ಬಿಳಿಯದನ್ನು ಕಳಚಿ ಇನ್ನೂ ಬಿಳಿಯದನ್ನು ತೊಡುತ್ತಿದ್ದರು. ಗೋಡೆಗೆ ಸುಣ್ಣ ಬಳಿಯುವವರು ನಾವು, ಬಣ್ಣ ಕಲಸುವವರು ನಾವು, ಕುಂಚ ತೊಳೆಯುವವರೂ ನಾವೇ. ಅವರು ಹತ್ತು ಹೆಜ್ಜೆ ಹಿಂದೆ ನಿಂತು, ಗಡ್ಡ ನೀವಿಕೊಳ್ಳುತ್ತಾ, ಹೆಬ್ಬೆರಳನ್ನು ಗಾಳಿಯಲ್ಲೆತ್ತಿ ಏನನ್ನೋ ಅಳೆಯುತ್ತಿದ್ದರು. ಕೊನೆಯಲ್ಲಿ ಮುಖಗಳನ್ನು ಮಾತ್ರ ತಾವೇ ಬರೆಯುತ್ತಿದ್ದರು, ಅದೂ ಮಾರುದ್ದದ ಕೋಲಿಗೆ ಕಟ್ಟಿದ ಕುಂಚದಿಂದ.

ಉದ್ಯಾವರ ದಾಟಿ ಕಾಪುವಿಗೆ ಬರುವ ಮೊದಲು, ಹೆದ್ದಾರಿಯಿಂದ ಪಡುವಣಕ್ಕೆ ತಿರುಗಿದರೆ ನಮ್ಮ ಕ್ರೈಸ್ತರ ಒಂದು ಧ್ಯಾನಾಶ್ರಮವಿತ್ತು. ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ಮೇ ತಿಂಗಳ ಒಂದು ವಾರ ಅಲ್ಲಿ ಶಿಬಿರ ನಡೆಯುತ್ತಿತ್ತು. ಬೈಬಲ್ ಪಾಠಕ್ಕೆ ಒಬ್ಬ ಪಾದ್ರಿ, ಹಾಡು ಕಲಿಸಲು ಎಸ್ತರ್ ಟೀಚರ್, ಚಿತ್ರಕಲೆಗೆ ಥಿಯೋ ಮಾಸ್ಟ್ರು. ನಾನು ಆಗಷ್ಟೇ ಕಾರ್ಕಳದ ಒಂದು ಶಾಲೆಗೆ ಟೀಚರಾಗಿ ಸೇರಿದ್ದೆ. ಮಕ್ಕಳಿಗೆ ಚಿತ್ರ ಕಲಿಸಲು ಉಪಯೋಗವಾದೀತೆಂದು ಶಿಬಿರಕ್ಕೆ ಹೋದೆ.

ಮೊದಲ ದಿನ ಅವರು ಎರಡು ಗಂಟೆ ಮೌನದ ಮಹತ್ವದ ಬಗ್ಗೆ ಮಾತಾಡಿದರು. "ನೋಡುವುದು ಬೇರೆ, ಕಾಣುವುದು ಬೇರೆ. ನೀವೆಲ್ಲ ನೋಡುವವರು," ಎಂದರು. ಕಾಣುವವರು ಯಾರೆಂದು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಎರಡನೆಯ ದಿನ ಅಡುಗೆಮನೆಯಿಂದ ಮಟ್ಟುಗುಳ್ಳ ತರಿಸಿ ಬರೆಯಲು ಹೇಳಿದರು. ನಾನು ಆ ಗುಂಡು ಬದನೆಯ ಹಸಿರು ಗೆರೆಗಳನ್ನು, ತೊಟ್ಟಿನ ಮುಳ್ಳುಗಳನ್ನು ಕೂಡ ಬಿಡದೆ ಬರೆದೆ. ಮಾಸ್ಟ್ರು ಹಾಳೆಯನ್ನು ಎರಡೇ ಬೆರಳಲ್ಲಿ ಎತ್ತಿ ಎಲ್ಲರಿಗೂ ತೋರಿಸಿದರು.

"ಇದು ಬದನೆಕಾಯಿ. ಒಪ್ಪಿದೆ. ಆದರೆ ಬದನೆಯ ಆತ್ಮ ಎಲ್ಲಿದೆ?"

"ಮಧ್ಯಾಹ್ನದ ಸಾಂಬಾರಿನಲ್ಲಿ ಉಂಟು ಮಾಸ್ಟ್ರೇ," ಎಂದರು ಹಿಂದಿನಿಂದ ಎಸ್ತರ್ ಟೀಚರ್. ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ನಾಚಿಕೆಯ ಸಂಗತಿಯನ್ನೂ ಹೇಳಿಬಿಡುತ್ತೇನೆ: ಆ ಮನುಷ್ಯನಿಂದ ಒಂದು ಶಹಭಾಸ್ ಪಡೆಯಲೇಬೇಕೆಂದು ನನಗೆ ಅಂದು ಹಟ ಹತ್ತಿತು.

ಆ ವರ್ಷ ಸಭಾಗೃಹದ ಗೋಡೆಗೆ ಅವರು ಆರಿಸಿದ್ದು ಯೇಸುವಿನ ಶಿಷ್ಯನಾದ ಮೀನುಗಾರ ಪೇತ್ರ ಬಲೆ ಬೀಸುವ ಚಿತ್ರ. ಅದಕ್ಕೆ ಮಾದರಿಯಾಗಿ ನಿಲ್ಲಲು ಕಾಪು ಕಡಲತಡಿಯ ಮೀನುಗಾರ ಸಂಜೀವಣ್ಣನನ್ನು ಕರೆಸಿದ್ದರು. ನಲವತ್ತರ ಆಸುಪಾಸಿನ, ಕಪ್ಪು ಬಂಡೆಯಂಥ ಆಳು. ಬಿಸಿಲಲ್ಲಿ ಬಲೆ ಎತ್ತಿ ಹಿಡಿಸಿ ನಿಲ್ಲಿಸಿದ ಕೂಡಲೇ ಸಂಜೀವಣ್ಣ ಹೇಳಿದರು, "ಬಲೆ ಹೀಗೆ ಹಿಡಿದರೆ ಒಂದು ಮೀನೂ ಬೀಳುವುದಿಲ್ಲ ಮಾಸ್ಟ್ರೇ. ನಾನೇ ಬೀಳುತ್ತೇನೆ."

"ಕಲೆಯ ಸತ್ಯ ಬೇರೆ, ಸಂಜೀವ," ಎಂದರು ಮಾಸ್ಟ್ರು, ನೆರಳಿನಲ್ಲಿ ನಿಂತು.

ಸಂಜೀವಣ್ಣ ಮೂರು ದಿನ, ತಪ್ಪು ಬಲೆ ಹಿಡಿದು, ತಕರಾರಿಲ್ಲದೆ ನಿಂತರು.

ಅವರು ನಿಂತ ಮೂರನೆಯ ದಿನ, ಸಂಜೆಗೆ ಮುಂಚೆ, ಮಾಸ್ಟ್ರು ನಮ್ಮೆಲ್ಲರನ್ನೂ ಕಾಪುವಿನ ದೀಪಸ್ತಂಭದ ಕೆಳಗಿನ ಬಂಡೆಗಳಿಗೆ ಕರೆದೊಯ್ದರು. ಸಮುದ್ರವನ್ನು ಬರೆಯಬೇಕಿತ್ತು. "ತುದಿಗೆ ಹೋಗಿ. ದೂರದಿಂದ ನೋಡುವವನಿಗೆ ಸಮುದ್ರ ಬರೀ ನೀರು," ಎಂದರು.

ಸಂಜೀವಣ್ಣ ಅಡ್ಡ ಬಂದರು. "ಅಲ್ಲಿಗೆ ಬೇಡ ಮಾಸ್ಟ್ರೇ. ಮಳೆಗಾಲ ಹತ್ತಿರ ಬಂತು, ಕಡಲು ಈಗ ಮೊದಲಿನ ಹಾಗಿಲ್ಲ. ಬಂಡೆ ಬೇರೆ ಜಾರುತ್ತದೆ."

"ನೀನು ಬಲೆಯ ವಿಷಯ ನೋಡಿಕೋ. ಚಿತ್ರದ ವಿಷಯ ನನಗೆ ಬಿಡು."

ಉಳಿದವರು ಹಿಂದೆ ಮುಂದೆ ನೋಡಿದರು. ನಾನು ಹೋದೆ. ಕೊನೆಯ ಬಂಡೆಯ ಮೇಲೆ ನಿಂತು ಹಾಳೆ ಬಿಡಿಸುತ್ತಿದ್ದಂತೆ ಕಾಲ ಕೆಳಗೆ ಪಾಚಿ ಜಾರಿತು. ಬೀಳುವಾಗ ಕೈ ಚಾಚಿದೆ. ಮಾಸ್ಟ್ರು ನನ್ನಿಂದ ಒಂದೇ ಮಾರು ದೂರದಲ್ಲಿದ್ದರು. ಅವರು ನನ್ನ ಕೈಯನ್ನು ನೋಡಿದರು, ಬರುತ್ತಿದ್ದ ಅಲೆಯನ್ನು ನೋಡಿದರು, ಜುಬ್ಬಾದ ಅಂಚನ್ನು ಮೇಲೆತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. ನೀರು ನನ್ನನ್ನು ಎಳೆದುಕೊಳ್ಳುವ ಮೊದಲು ಕಣ್ಣಿಗೆ ಬಿದ್ದದ್ದು ಅದೇ.

ಆಮೇಲೆ ಉಪ್ಪು, ಕತ್ತಲೆ, ಮೊಣಕಾಲು ಸೀಳಿದ ಬಂಡೆಯ ಚಿಪ್ಪು. ಯಾರೋ ಜಡೆ ಹಿಡಿದು ಎಳೆದರು, ಆಮೇಲೆ ರಟ್ಟೆ ಹಿಡಿದರು. ಕಣ್ಣು ಬಿಟ್ಟಾಗ ಮರಳಿನ ಮೇಲಿದ್ದೆ. ಸಂಜೀವಣ್ಣ ಏದುಸಿರು ಬಿಡುತ್ತಾ, "ಕೆಮ್ಮಿ ಅಕ್ಕಾ, ಚೆನ್ನಾಗಿ ಕೆಮ್ಮಿ. ಎಂತದೂ ಆಗಲಿಲ್ಲ," ಎನ್ನುತ್ತಿದ್ದರು. ಅವರ ಮುಂಗೈಯಿಂದ ರಕ್ತ ಸುರಿಯುತ್ತಿತ್ತು.

ಆ ಸಂಜೆಯ ಪ್ರಾರ್ಥನೆಯಲ್ಲಿ ಥಿಯೋ ಮಾಸ್ಟ್ರು ಹೊಸ ಜುಬ್ಬಾ ತೊಟ್ಟು ಎದ್ದು ನಿಂತರು. "ಈ ದಿನ ದೇವರು ಒಂದು ಪ್ರಾಣ ಉಳಿಸಲು ನನ್ನ ಕೈಯನ್ನು ಉಪಯೋಗಿಸಿಕೊಂಡರು," ಎಂದರು. ಕಣ್ಣು ಒದ್ದೆಯಾಗಿತ್ತು. ಬಂಡೆಯ ಹತ್ತಿರ ಇರದಿದ್ದ ಪಾದ್ರಿಗಳು ಸ್ತೋತ್ರ ಹೇಳಿದರು. ನಾನು ಏಳಹೋದೆ. ಎಸ್ತರ್ ಟೀಚರ್ ನನ್ನ ಕೈ ಅದುಮಿ ಪಿಸುಗುಟ್ಟಿದರು, "ಸುಮ್ಮನಿರು ಮಾರಾಯ್ತಿ. ವಾರವೆಲ್ಲ ಹಾಳಾಗುತ್ತದೆ." ಸುಮ್ಮನಾದೆ. ಇಂಥ ಮನುಷ್ಯರು ಬದುಕುವುದೇ ನಮ್ಮ ಈ ಸಭ್ಯತೆಯ ಅನ್ನ ತಿಂದು.

ಮರುದಿನ ಅವರು ಗೋಡೆಯ ಚಿತ್ರವನ್ನೇ ಬದಲಾಯಿಸಿದರು. ಬಲೆ ಅಳಿಸಿಹೋಯಿತು. ಬೈಬಲಿನ ಇನ್ನೊಂದು ಕಥೆಯ ಹಾಗೆ ಅಲೆಗಳಲ್ಲಿ ಮುಳುಗುತ್ತಿರುವ ಪೇತ್ರ ಬಂದ, ಅವನತ್ತ ಕೈ ಚಾಚಿದ ಯೇಸು ಬಂದರು. ಮುಖಗಳನ್ನು ಬರೆಯಲು ಮಾಸ್ಟ್ರು ಉದ್ದದ ಕುಂಚ ಎತ್ತಿಕೊಂಡರು. ಶನಿವಾರ ಪರದೆ ಸರಿಸಿದಾಗ ನಮಗೆಲ್ಲ ಕಂಡಿತು: ಯೇಸುವಿನ ಗಡ್ಡ, ಮೂಗು, ಹಣೆಯ ನೆರಿಗೆ ಎಲ್ಲ ಥಿಯೋ ಮಾಸ್ಟ್ರದ್ದು. ಕತ್ತಿನವರೆಗೆ ನೀರಲ್ಲಿ ಬಾಯಿ ತೆರೆದು ಗೋಗರೆಯುತ್ತಿದ್ದ ಪೇತ್ರನ ಮುಖ ಸಂಜೀವಣ್ಣನದು.

ಸಂಜೀವಣ್ಣ ಬಹಳ ಹೊತ್ತು ನೋಡಿದರು. ಮತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ನನಗೆ ಈಜು ಬರುವುದಿಲ್ಲ ಅಂತ ಗೋಡೆಯ ಮೇಲೆಯೇ ಬರೆದುಬಿಟ್ಟರಲ್ಲ ಮಾರಾಯ್ರೆ! ನಮ್ಮ ಜನ ನೋಡಿದರೆ ನಾನು ದೋಣಿ ಹತ್ತುವ ಹಾಗಿಲ್ಲ."

ನಾನು ಮತ್ತೆ ಆ ಶಿಬಿರಕ್ಕೆ ಹೋಗಲಿಲ್ಲ. ಏಳೆಂಟು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಮಣಿಪಾಲದ ಬಸ್ ನಿಲ್ದಾಣದಲ್ಲಿ ಅವರನ್ನು ಕಂಡೆ. ಗಡ್ಡ ಪೂರ್ತಿ ನರೆತಿತ್ತು. ಇಬ್ಬರು ಕಾಲೇಜು ಹುಡುಗಿಯರಿಗೆ ಏನೋ ಹೇಳುತ್ತಿದ್ದರು. ಹತ್ತಿರ ಹೋದಾಗ ಕೇಳಿಸಿತು: ಕಾಪುವಿನ ಬಂಡೆ, ಹುಚ್ಚೆದ್ದ ಸಮುದ್ರ, ಮುಳುಗುತ್ತಿದ್ದ ಒಬ್ಬ ತರುಣಿ, ಹಿಂದೆ ಮುಂದೆ ನೋಡದೆ ಧುಮುಕಿದ ಒಬ್ಬ ಕಲಾವಿದ.

"ಆ ತರುಣಿ ನಾನೇ ಮಾಸ್ಟ್ರೇ," ಎಂದೆ. "ನೀವು ಧುಮುಕಲಿಲ್ಲ. ಹಿಂದೆ ಸರಿದಿರಿ. ನಾನು ನೋಡಿದ್ದೇನೆ."

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮುಖದಲ್ಲಿ ಗಾಬರಿಯಿಲ್ಲ, ನಾಚಿಕೆಯಿಲ್ಲ. ಏನೂ ಅರಿಯದ ಮಗುವಿಗೆ ತಿಳಿಹೇಳುವಂತೆ ಮೃದುವಾಗಿ ಹೇಳಿದರು, "ನಿನಗೆ ಹಾಗೆ ಅನ್ನಿಸುವುದು ಸಹಜ ತಂಗಿ. ನೀರಿನೊಳಗೆ ಇದ್ದವರಿಗೆ ಏನೂ ಸರಿಯಾಗಿ ಕಾಣುವುದಿಲ್ಲ."

ಹುಡುಗಿಯರು ನನ್ನ ಕಡೆ ಮರುಕದಿಂದ ನೋಡಿದರು. ಬಸ್ಸು ಬಂತು. ಮೂವರೂ ಹತ್ತಿ ಹೋದರು.

ಮರುವರ್ಷ ಅವರು ತೀರಿಕೊಂಡ ಸುದ್ದಿ ನಮ್ಮ ದೇವಾಲಯದಲ್ಲಿ ಓದಿ ಹೇಳಿದರು. ಮಣ್ಣಿಗೆ ನಾನು ಹೋಗಲಿಲ್ಲ. ಕೆಲವು ವಾರಗಳ ಬಳಿಕ ಉಡುಪಿಯ ಮೀನು ಮಾರುಕಟ್ಟೆಯಲ್ಲಿ ಸಂಜೀವಣ್ಣ ಸಿಕ್ಕಿದರು. ಮುಂಗೈಯ ಗಾಯದ ಗೆರೆ ಹಾಗೇ ಇತ್ತು. ತಾವು ಮಣ್ಣಿಗೆ ಹೋಗಿದ್ದಾಗಿ ಹೇಳಿದರು.

"ನೀವಾ?" ಎಂದೆ. "ಆ ಮನುಷ್ಯನ ಮಣ್ಣಿಗಾ?"

"ಹೋಗದೆ ಎಂತ ಅಕ್ಕಾ? ಮೂರು ದಿನ ಒಟ್ಟಿಗೆ ಇದ್ದವರಲ್ವಾ. ಜನವೇ ಇರಲಿಲ್ಲ, ಪೆಟ್ಟಿಗೆಗೆ ಹೆಗಲು ಕೊಡಲಿಕ್ಕೆ ಒಬ್ಬರು ಕಡಿಮೆ. ನಾನು ಕೊಟ್ಟೆ." ಬುಟ್ಟಿಯ ಮೀನನ್ನು ಸರಿಮಾಡುತ್ತಾ ಕೇಳಿದರು, "ನೀವು ಯಾಕೆ ಬರಲಿಲ್ಲ?"

"ಕಾರ್ಕಳದಿಂದ ಬಸ್ಸು ಸಿಗಲಿಲ್ಲ," ಎಂದೆ.

ಮಣ್ಣಿನ ದಿನ ಬಸ್ಸುಗಳು ನಮ್ಮ ಮನೆಯ ಮುಂದೆಯೇ ಒಂದರ ಹಿಂದೆ ಒಂದು ಖಾಲಿ ಹೋಗಿದ್ದವು.