ಎರ್ಲಡ್ಡಿನ ಹಿಂದಿನ ಬಂಡೆ

"ಕದಿರಪ್ಪನ ಮುಂದ ಫೋಟೋಕ್ಕ ಕೂಡಬೇಕಂದ್ರ ಮೈಮ್ಯಾಲ ಪುಕ್ಕ ಇರಬೇಕ್ರಿ," ಅಂತ ರಾಯದುರ್ಗದ ಓಣಿಯವರು ನಗುತ್ತಿದ್ದರು. ಬಿಳಿ ದೊರೆಗಳು ಶಿಕಾರಿಗೆ ಬರುತ್ತಿದ್ದ ಕಾಲ. ಕದಿರಪ್ಪ ಮದುವೆ ಫೋಟೋ ಬಿಟ್ಟು, ನೇಮಕಲ್ಲಿನ ಎರೆಹೊಲದಲ್ಲಿ ಎರ್ಲಡ್ಡು ಎಂಬ ದೊಡ್ಡ ಹುಲ್ಲುಗಾವಲು ಹಕ್ಕಿಯ ಚಿತ್ರಕ್ಕಾಗಿ ಹನ್ನೊಂದು ದಿನ ಕಂಬಳಿ ಹೊದ್ದು ಕೂತಿದ್ದ. ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಹಕ್ಕಿ ಅದು. ನೋಡಿದವರು ಕೊಲ್ಲದಿರಲಿ ಅಂತಲೇ ತೆಗೆದ ಚಿತ್ರವನ್ನು ತನ್ನ ಫೋಟೋ ಅಂಗಡಿ ಮುಂದೆ ತೂಗುಹಾಕಿದ.

ಚಿತ್ರದಲ್ಲಿ ಹಕ್ಕಿಯ ಹಿಂದೆ ಒಂಟೆಬೆನ್ನಿನಂಥ ಬಂಡೆಯೂ ಬಿದ್ದಿತ್ತು. ದೊರೆಗಳು ಅದನ್ನು ನೋಡಿ, ಕುರಿ ಕಾಯುವವರನ್ನು ವಿಚಾರಿಸಿ, ನೆಟ್ಟಗೆ ಅಲ್ಲಿಗೇ ಹೋದರು. ಕದಿರಪ್ಪ ಹೋಗುವಷ್ಟರಲ್ಲಿ ಗಂಡುಹಕ್ಕಿಯ ಪುಕ್ಕ ಗಾಳಿಗೆ ಹೊರಳುತ್ತಿತ್ತು. ಆಚೆ ಹುಲ್ಲಿನಲ್ಲಿ ಹೆಣ್ಣು ಮೊಟ್ಟೆ ಮೇಲೆ ಕೂತೇ ಇತ್ತು.

ಅವನಿಗೆ ಅಳು ಬರಲಿಲ್ಲ. ಮನೆಗೆ ಬಂದು ಹಕ್ಕಿಗಳ ಫೋಟೋ ಮೂಡಿದ್ದ ಗಾಜಿನ ಪ್ಲೇಟುಗಳನ್ನೆಲ್ಲ ಬಿಸಿನೀರಲ್ಲಿ ನೆನೆಹಾಕಿ ಚಿತ್ರ ತೊಳೆದು ಅಳಿಸಿದ. ಎಲ್ಲದರಲ್ಲೂ ಜಾಗದ ಗುರುತು ಹೇಳುವ ಒಂದು ಬಂಡೆಯೋ ಮರವೋ ಇತ್ತು. ಹೆಂಡತಿ ಗಂಗಕ್ಕ ಗಾಜು ಒರೆಸಿಟ್ಟಳು.

"ದೊರೆಗಳು ಮತ್ತ ಬರ್ತಾರಂತ. ಆ ಬಂಡೆ ಹತ್ರಾನೇ ಗುಡಿಸಲು ಹಾಕ್ತೀನಿ. ಹಕ್ಕಿ ಎಲ್ಲೈತಿ ಅಂತ ಕೇಳಿದೋರಿಗೆ ಹಗರಿ ಹೊಳಿ ಕಡೆ ಕೈ ತೋರಿಸ್ತೀನಿ," ಅಂದ ಅವಳಿಗೆ.

"ಕ್ಯಾಮೆರಾ ಬಿಟ್ಟು ಹೊಂಟ್ರಲ್ರೀ?"

"ಅದಕ್ಕ ಸುಳ್ಳು ಹೇಳಾಕ ಬರಂಗಿಲ್ಲ," ಅಂದ ಕದಿರಪ್ಪ. ಕಂಬಳಿ ಹೆಗಲಿಗೆ ಹಾಕಿ ಹೊಸ್ತಿಲು ದಾಟಿದವನು ಮತ್ತೆ ಆ ಮನೆಗೆ ಬರಲಿಲ್ಲ.